ಫ್ಲೆಕ್ಸಿನಲ್ಲಿ ಅಳಿಸಿದ ಎರಡು ಕುಳಿ

ಕೊಟ್ಟಿಗೆಹಾರದಲ್ಲಿ ಚಾರ್ಮಾಡಿಯ ಕಡೆ ತಿರುಗುವ ಮೂಲೆಯ ಕಂಬಕ್ಕೆ ಹೋದ ತಿಂಗಳು ಒಂದು ಫ್ಲೆಕ್ಸ್ ಕಟ್ಟಿದ್ದರು. ‘ಕರುಣಾಮಯಿ, ನಗುಮೊಗದ ದೇವತೆ, ನಮ್ಮೂರ ಸಿಸ್ಟರಮ್ಮನಿಗೆ ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಅದರಲ್ಲಿತ್ತು. ಒಂದೇ ಸಾಲಿನಲ್ಲಿ ಮೂರು ಸುಳ್ಳು. ನಾಲ್ಕನೆಯದು ಫೋಟೋದಲ್ಲಿತ್ತು.

ಕರುಣೆ ಎಂಬ ಪದ ಕೇಳಿದರೇ ಅವರಿಗೆ ಸಿಟ್ಟು ಬರುತ್ತಿತ್ತು. ನಗುಮೊಗದ ವಿಷಯವನ್ನು ಮೂಡಿಗೆರೆ ಬಸ್ಸಿನ ಕಂಡಕ್ಟರುಗಳನ್ನು ಕೇಳಿ ತಿಳಿದುಕೊಳ್ಳಬಹುದು. ಇನ್ನು ದೇವತೆ. ಒಬ್ಬರು ಎದುರಿಗೇ ಹಾಗೆ ಕರೆದಾಗ, “ದೇವತೆಗೆ ಮಂಡಿನೋವು ಇರದಿಲ್ಲ ಮಾರಾಯ, ನಂಗಿದೆ. ಆ ಕುರ್ಚಿ ಈಚೆ ಎಳಿ” ಎಂದಿದ್ದರು.

ಫೋಟೋದ ಸುಳ್ಳು ಇದು: ಅವರ ಕೆಳತುಟಿಯಲ್ಲಿ, ನಡುವಿನಿಂದ ಎಡಕ್ಕೊಂದು ಬಲಕ್ಕೊಂದು, ಪೆನ್ಸಿಲ್ ಮೊನೆ ಒತ್ತಿ ತೆಗೆದಂಥ ಎರಡು ಸಣ್ಣ ಕುಳಿಗಳಿದ್ದವು. ಹುಟ್ಟುವಾಗಲೇ ಬಂದವು. ಮಾತಾಡುವಾಗ ಸ್ವಲ್ಪ ಒದ್ದೆಯಾಗಿ ಹೊಳೆಯುತ್ತಿದ್ದವು. ಫ್ಲೆಕ್ಸಿನಲ್ಲಿ ಅವು ಇರಲಿಲ್ಲ. ಕಂಪ್ಯೂಟರಿನಲ್ಲಿ ಯಾರೋ ಅವನ್ನು ತೇಯ್ದು, ಲಿಪ್‌ಸ್ಟಿಕ್ ಜಾಹೀರಾತಿನ ಹುಡುಗಿಯ ತುಟಿಯಂಥದ್ದೊಂದನ್ನು ಕೂರಿಸಿದ್ದರು. ಊರಿನವರಿಗೆ ಗೊತ್ತಾಗಲಿಲ್ಲ. ಅಥವಾ ಗೊತ್ತಾಗಿಯೂ, ಚೆನ್ನಾಗಿಯೇ ಬಂದಿದೆಯಲ್ಲ ಎಂದುಕೊಂಡರು. ನಾನು ಹೇಳುವುದು, ಆ ಎರಡು ಕುಳಿಗಳನ್ನು ತೆಗೆದರೆ ಅಲ್ಲಿ ಉಳಿಯುವುದು ಯಾರೋ ಒಬ್ಬ ನರ್ಸು, ಸಿಸ್ಟರಮ್ಮ ಅಲ್ಲ. ಹೇಳಿದ ಮೇಲೆ ಸಾಬೀತು ಮಾಡುವ ಹೊಣೆಯೂ ನನ್ನದೇ.

ಅವರ ಹೆಸರನ್ನು ಊರಿನಲ್ಲಿ ಯಾರೂ ಬಳಸಲಿಲ್ಲ, ನಾನೂ ಬಳಸುವುದಿಲ್ಲ. ಕುದುರೆಮುಖದಲ್ಲಿ ಗಣಿ ನಡೆಯುತ್ತಿದ್ದಾಗ ಅಲ್ಲಿಯ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವರು. ಗಣಿ ನಿಂತು ಟೌನ್‌ಶಿಪ್ ಖಾಲಿಯಾದಾಗ ಒಂದು ಟ್ರಂಕು, ಒಂದು ಕುಕ್ಕರು ಹಿಡಿದು ಕೊಟ್ಟಿಗೆಹಾರಕ್ಕೆ ಬಂದು, ಗ್ಯಾರೇಜಿನ ಹಿಂದೆ ಎರಡು ಕೋಣೆಯ ಮನೆ ಮಾಡಿದರು. ಯಾರೇ ಎದುರು ಬಂದರೂ ಅವರು ಮೊದಲು ನೋಡುತ್ತಿದ್ದದ್ದು ಕಣ್ಣನ್ನಲ್ಲ, ಕೆಳತುಟಿಯನ್ನು. ಗೊತ್ತಿಲ್ಲದವರು ಅನ್ನವೋ ಚಟ್ನಿಯೋ ಅಂಟಿದೆಯೆಂದು ಗಾಬರಿಯಾಗಿ ಬಾಯಿ ಒರೆಸಿಕೊಳ್ಳುತ್ತಿದ್ದರು.

ನನ್ನ ಬಾಯಿಯನ್ನು ಅವರು ಮೊದಲು ನೋಡಿದ್ದು ಸರ್ಕಲ್ಲಿನ ನೀರುದೋಸೆ ಹೋಟೆಲಿನಲ್ಲಿ. ಚಿಕ್ಕಮಗಳೂರಿನ ಚರ್ಚಾಸ್ಪರ್ಧೆಯಲ್ಲಿ ಗೆದ್ದು, ಶೀಲ್ಡನ್ನು ಟೇಬಲ್ಲಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡು ದೋಸೆ ತಿನ್ನುತ್ತಿದ್ದೆ.

“ನಿಮ್ಮಲ್ಲಿ ಚೀಟಿ ಎತ್ತಿ, ಬಂದ ಕಡೆ ಮಾತಾಡ್ತಾರಂತೆ, ಹೌದಾ?” ಎಂದರು.

“ಹೌದು. ಪರ ಬಂದ್ರೆ ಪರ, ವಿರೋಧ ಬಂದ್ರೆ ವಿರೋಧ.”

“ಎರಡರಲ್ಲೂ ಗೆಲ್ತೀಯ?”

“ಗೆದ್ದಿದೀನಿ.”

“ಹಂಗಾರೆ ನಿನ್ ಮಾತು ಕೇಳಿ ಯಾರೂ ಮಾತ್ರೆ ತಗೊಳ್ಬಾರ್ದು” ಎಂದು ಹೇಳಿ, ನನ್ನ ತಟ್ಟೆಯ ಕಾಯಿಚಟ್ನಿಯನ್ನು ತಮ್ಮ ದೋಸೆಗೆ ಬಳಿದುಕೊಂಡರು. ನಮ್ಮ ಜಗಳ ಅಂದು ಶುರುವಾದದ್ದು. ಅವರು ಸತ್ತ ಮೇಲೂ ಮುಗಿದಿಲ್ಲ ಎಂಬುದಕ್ಕೆ ಈ ಬರಹವೇ ಸಾಕ್ಷಿ.

ನನ್ನ ಅಕ್ಕನನ್ನು ಕಳಸದ ಕಡೆಯ ಸಣ್ಣ ಬೆಳೆಗಾರರ ಮನೆಗೆ ಕೊಟ್ಟಿದೆ. ಅವಳು ಏಳು ತಿಂಗಳ ಬಸುರಿಯಾಗಿದ್ದಾಗ, ಅರೇಬಿಕಾ ಕೊಯ್ಲಿನ ನಡುವೆ, ಸೂರ್ಯಗ್ರಹಣ ಬಂತು. ಒಳಗೆ ಕತ್ತಲಲ್ಲಿ ಮಲಗಿರು, ಸೂಜಿ ಕತ್ತಿ ಮುಟ್ಟಬೇಡ ಎಂದು ಅವಳ ಅತ್ತೆ ಹೇಳಿದ್ದರು. ಅಕ್ಕ ಮಲಗಲಿಲ್ಲ. ಕಣದಲ್ಲಿ ಕಾಫಿ ತುಂಬಿ ಇಟ್ಟಿದ್ದ ಚೀಲಗಳ ಬಾಯಿಯನ್ನು ದಬ್ಬಣ ಹಿಡಿದು ಹೊಲಿದಳು. ಫೆಬ್ರವರಿ ಕೊನೆಗೆ ಹೆಣ್ಣು ಮಗು ಹುಟ್ಟಿತು. ಮೇಲ್ದುಟಿ ಮೂಗಿನವರೆಗೆ ಸೀಳಿತ್ತು, ಒಳಗೆ ಅಂಗುಳವೂ ಸೇರಿರಲಿಲ್ಲ. ಅತ್ತೆಯವರು ಮಗುವನ್ನು ನೋಡಿದರು, ಅಕ್ಕನ ಕೈ ನೋಡಿದರು. “ಸೂಜಿ ಮುಟ್ಬೇಡ ಅಂದಿದ್ದೆ” ಎಂದಷ್ಟೇ ಹೇಳಿದರು.

ಬಾಣಂತನಕ್ಕೆ ಅಕ್ಕ ನಮ್ಮ ಮನೆಗೆ ಬಂದಳು. ತಿಂಗಳಾಗುವಷ್ಟರಲ್ಲಿ ಲಾಕ್‌ಡೌನ್. ಬಸ್ಸಿಲ್ಲ, ಘಟ್ಟ ಇಳಿಯುವಂತಿಲ್ಲ. ಮಗು ಬಾಯಿ ಹಾಕುತ್ತಿತ್ತು, ಚೀಪಲು ಆಗುತ್ತಿರಲಿಲ್ಲ, ಕುಡಿದದ್ದು ಮೂಗಿನಿಂದ ಬರುತ್ತಿತ್ತು. ದಿನದಿಂದ ದಿನಕ್ಕೆ ಅದರ ಅಳು ಸಣ್ಣದಾಗುತ್ತಿತ್ತು. ಅಮ್ಮ ಹರಕೆ ಹೇಳಿಕೊಂಡಳು. ನಾನು ಮೊಬೈಲಿನಲ್ಲಿ ನೆಟ್‌ವರ್ಕ್ ಹುಡುಕುತ್ತ ದಿಬ್ಬ ಹತ್ತಿದೆ. ಇಬ್ಬರೂ ಮಾಡಿದ್ದು ಹೆಚ್ಚುಕಡಿಮೆ ಒಂದೇ ಕೆಲಸ ಎಂದು ಸಿಸ್ಟರಮ್ಮ ಆಮೇಲೆ ಹೇಳಿದರು.

ಸುದ್ದಿ ಕೇಳಿ ಅವರು ಮೂರು ಮೈಲಿ ನಡೆದು ಬಂದಿದ್ದರು. ನಡುವೆ ತಡೆದ ಪೊಲೀಸಿನವನಿಗೆ, “ನೀನು ಹುಟ್ಟಿದಾಗ ನಿನ್ ಕಾಲು ಹಿಡಿದು ಬೆನ್ನಿಗೆ ತಟ್ಟಿದ್ದು ನಾನೇ. ಈಗ್ಲೂ ತಟ್ಲಾ?” ಎಂದು ಕೇಳಿದ್ದರಂತೆ. ನಿಜವಾಗಿಯೂ ತಟ್ಟಿದ್ದು ಇವರೇನಾ ಎಂದು ನಾನು ಕೇಳಿದೆ. “ಯಾರೋ ಒಬ್ರು ತಟ್ಟಿರ್ತಾರಲ್ಲ” ಎಂದರು.

ಮಗುವನ್ನು ನೋಡಿ ಅಯ್ಯೋ ಎನ್ನದ ಮೊದಲ ಮನುಷ್ಯರು ಅವರು. ಅಟ್ಟದ ಮೇಲಿದ್ದ, ಮಗುವಿಗೆ ಹಾಲು ಕುಡಿಸುವ ಹಳೆಯ ಬೆಳ್ಳಿ ಒಳಲೆ ಇಳಿಸಲು ಹೇಳಿ, ಅದನ್ನು ಕುದಿಸಿದರು. ಅಕ್ಕನಿಗೆ ಹಾಲು ಹಿಂಡಲು ಕಲಿಸಿದರು. ಮಗುವನ್ನು ಮಲಗಿಸದೆ ನೆಟ್ಟಗೆ ಕೂರಿಸಿಕೊಂಡು, ಒಳಲೆಯ ಮೂತಿಯನ್ನು ಕೆನ್ನೆಯ ಬದಿಗೆ ಇಟ್ಟು, ಇಷ್ಟಿಷ್ಟೇ ಬಿಟ್ಟರು. ಮಗು ನುಂಗಿತು. ಇನ್ನಷ್ಟು ನುಂಗಿತು. ಮುಕ್ಕಾಲು ಗಂಟೆ ಹಿಡಿಯಿತು. ಅಕ್ಕ ಆಗ ಅತ್ತಳು.

“ಅಳು, ಆದ್ರೆ ಕೈ ಅಲ್ಲಾಡಿಸ್ಬೇಡ, ಹಾಲು ಚೆಲ್ತದೆ” ಎಂದರು ಸಿಸ್ಟರಮ್ಮ. ಮಗುವಿನ ಗಲ್ಲ ಒರೆಸುತ್ತ, ಯಾರನ್ನೂ ನೋಡದೆ, “ನಮ್ಮಣ್ಣ ಒಬ್ಬ ಹಿಂಗೇ ಹುಟ್ಟಿದ್ನಂತೆ. ಹದಿನೆಂಟು ದಿನ ಇದ್ದ. ಗ್ರಹಣದಲ್ಲಿ ಹಲಸಿನಕಾಯಿ ಹೆಚ್ಚಿದ್ದಕ್ಕೆ ಮಗು ಹೋಯ್ತು ಅಂತ್ಲೇ ಅಮ್ಮ ಸಾಯೋವರೆಗೂ ನಂಬಿದ್ಲು. ಅವ್ನು ಹೋಗಿದ್ದು ಹಸಿವಿಗೆ” ಎಂದರು. ಅಷ್ಟೇ. ಆ ಅಣ್ಣನ ಮಾತನ್ನು ಅವರು ಮತ್ತೆಂದೂ ಎತ್ತಲಿಲ್ಲ.

ಆಮೇಲೆ ದಿನಾ ಬಂದರು. ಬಂದಾಗೆಲ್ಲ ಏನಾದರೊಂದಕ್ಕೆ ಗೊಣಗಿದರು. ಕಾಫಿ ಬೆಳೆಯುವ ಮನೆಯಲ್ಲಿ ಚಿಕೋರಿ ಕುಡಿಯುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ ಎಂದು ಅಪ್ಪನನ್ನು ಬೈದರು. ಗ್ರಹಣದ ಕಥೆ ಕೇಳಿ, “ಹೊಲಿದ್ರೆ ಸೇರ್ಬೇಕಿತ್ತಲ್ಲ ಮಾರಾಯ್ತಿ, ಸೀಳದು ಹೆಂಗೆ? ಹರಿದಿದ್ರೆ ಒಂದು ಮಾತು” ಎಂದು ನಕ್ಕರು. ಬಾಣಂತಿ ಕೋಣೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು.

ರಸ್ತೆ ತೆರೆದ ಮೇಲೆ ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಮಗುವಿನ ತುಟಿ ಹೊಲಿದರು. ಅಕ್ಕನನ್ನು ಕರೆದುಕೊಂಡು ಹೋಗುವ ಮಾತಾಡಲು ಭಾವ ಮತ್ತು ಅವರ ಅಮ್ಮ ನಮ್ಮ ಮನೆಗೆ ಬಂದರು. ಅತ್ತೆಯವರದು ಒಂದೇ ಷರತ್ತು. ಗ್ರಹಣದ ದೋಷಕ್ಕೆ ಶಾಂತಿ ಮಾಡಿಸಬೇಕು, ಅಲ್ಲಿ ಅಕ್ಕ ತಪ್ಪಾಯಿತೆಂದು ಎಲ್ಲರೆದುರು ಹೇಳಬೇಕು. ಅಕ್ಕ ಆಗುವುದಿಲ್ಲ ಎಂದಳು.

ನಾನು ಎದ್ದು ನಿಂತೆ. ಕೂತೇ ಮಾತಾಡಬಹುದಿತ್ತು, ಅಭ್ಯಾಸಬಲ. ಹೊಟ್ಟೆಯೊಳಗೆ ಎರಡನೆಯ ತಿಂಗಳು ಮುಗಿಯುವ ಮೊದಲೇ ಮುಖದ ಎಡಬಲದ ಭಾಗಗಳು ಬಂದು ಮೂಗಿನ ಕೆಳಗೆ ಸೇರಿ ತುಟಿಯಾಗುತ್ತವೆ, ಮೂರನೆಯ ತಿಂಗಳಿಗೆ ಅಂಗುಳವೂ ಕೂಡುತ್ತದೆ, ಗ್ರಹಣ ಬಂದದ್ದು ಏಳನೆಯ ತಿಂಗಳಲ್ಲಿ, ಹಾಗಿದ್ದರೆ ಸೇರಿದ್ದ ತುಟಿಯನ್ನು ಸೂರ್ಯ ಬಂದು ಬಿಚ್ಚಿದನೇ ಎಂದು ಕೇಳಿದೆ. ಭಾವ ನನ್ನ ಮಾತು ಒಪ್ಪಿ ತಲೆಯಾಡಿಸಿದರು. ಅಲ್ಲಿಗೆ ನಿಲ್ಲಿಸಬೇಕಿತ್ತು. ಎದುರಾಳಿ ತಡವರಿಸಿದಾಗ ಇನ್ನೊಂದು ಏಟು ಹಾಕಬೇಕೆಂದು ನನಗೆ ಕಲಿಸಿದ್ದರು. “ಇದು ವಂಶದಲ್ಲಿ ಬರೋದು. ನಮ್ಮನೇಲಿ ಯಾರಿಗೂ ಇಲ್ಲ. ನಿಮ್ಮನೇಲಿ ಹುಡುಕಿ” ಎಂದೆ.

ಅತ್ತೆಯವರು ಸೆರಗು ಸರಿಮಾಡಿಕೊಂಡು ಎದ್ದರು. ಜೀಪು ಹೋಯಿತು. ಅಕ್ಕ ಉಳಿದಳು. ಆರು ತಿಂಗಳು ಉಳಿದಳು. ನಾನು ಮಾತ್ರ ಆ ದಿನ ಗೆದ್ದೆನೆಂದೇ ತಿಳಿದಿದ್ದೆ.

ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಸಿಸ್ಟರಮ್ಮ ನನ್ನನ್ನು ಹೊಗಳಲಿಲ್ಲ. “ಒಂದು ಮೊರ ತಗಂಬಾ. ಹಸಿಬೀಜ, ಹುರಿದ ಬೀಜ, ಪಾರ್ಚ್‌ಮೆಂಟು, ಮೂರೂ ಒಂದೊಂದು ಹಿಡಿ” ಎಂದರು.

ಹೆರಿಗೆ ವಾರ್ಡಿನಲ್ಲಿ ವರ್ಷಗಟ್ಟಲೆ ಮಾಡಿ ಕಲಿತಿದ್ದ ಕ್ರಮ ಅದು. ಮನೆಯವರಿಗೆ ಕಾಗದದ ಮೇಲೆ ವಂಶದ ಚಿತ್ರ ಬರೆದು ತೋರಿಸಿದರೆ ಹೆದರುತ್ತಾರೆ, ಮೊರದಲ್ಲಿ ಕಾಫಿಬೀಜ ಇಟ್ಟರೆ ಕೈ ಹಾಕುತ್ತಾರೆ. ತುಟಿಯಲ್ಲಿ ಗುರುತು ಇಲ್ಲದವರಿಗೆ ಒಂದು ಹಸಿಬೀಜ. ಇರುವವರಿಗೆ ಹುರಿದದ್ದು. ಗೊತ್ತಿಲ್ಲದವರಿಗೆ ಪಾರ್ಚ್‌ಮೆಂಟು, ಅಂದರೆ ಮೇಲಿನ ಹೊಟ್ಟು ಬಿಡಿಸದೆ ಒಣಗಿಸಿದ ಬೀಜ, ಒಳಗೆ ಹೇಗಿದೆಯೋ ಕಾಣದು. ಗಂಡಸಿಗೊಂದು ಹೆಂಗಸಿಗೊಂದು ಬೇರೆ ಇಡುವುದಿಲ್ಲವೇ ಎಂದು ಕೇಳಿದೆ. “ಇದು ಹಂಗೆಲ್ಲ ಭೇದ ಮಾಡದಿಲ್ಲ” ಎಂದರು.

“ನಿಮ್ಮಪ್ಪನ ಕೆಳತುಟೀಲಿ ಎರಡು ತೂತಿದೆಯಲ್ಲ, ಅದೆಂತದು?”

“ಚಿಕ್ಕವರಿದ್ದಾಗ ಮೀನು ಹಿಡಿಯೋಕೆ ಹೋಗಿ ಗಾಳ ಚುಚ್ಚಿದ್ದು.”

“ಎರಡು ಸಲ? ನಡುವಿಂದ ಈ ಕಡೆ ಎಷ್ಟೋ ಆ ಕಡೆ ಅಷ್ಟೇ? ಭಾರೀ ಅಳತೆ ಗೊತ್ತಿದ್ದ ಗಾಳ. ಅಕ್ಕಂದು?”

“ಅವಳಿಗೆ ಒಂದೇ. ಎರಡು ವರ್ಷದವಳಿದ್ದಾಗ ಬಟ್ಟೆ ಒಗಿಯೋ ಕಲ್ಲಿನ ಮೇಲೆ ಬಿದ್ದು ಹಲ್ಲು ಊರಿದ್ದು.”

“ಅಪ್ಪನ ತಂಗಿಗೆ?”

“ಬಾವಿ ರಾಟೆ ಬಡಿದು…” ಹೇಳುತ್ತಿದ್ದ ಹಾಗೇ ನನ್ನ ದನಿ ಸಣ್ಣದಾಯಿತು.

“ನಿಮ್ಮನೇಲಿ ಎಲ್ರೂ ಅದೇ ಜಾಗಕ್ಕೇ ಪೆಟ್ಟು ಮಾಡ್ಕೊಳ್ತೀರಲ್ಲ ಮಾರಾಯ್ತಿ!” ಎಂದು ತಮ್ಮ ಕೆಳತುಟಿಯನ್ನು ಬೆರಳಿನಿಂದ ಈಚೆ ಮಡಚಿ ತೋರಿಸಿದರು. “ನಂದು ಯಾವ ಗಾಳ ಹೇಳು ನೋಡಣ.”

ಎಲ್ಲರನ್ನೂ ಪ್ರಶ್ನಿಸುವವಳು ನಾನು. ಪಂಚಾಂಗವನ್ನು, ಪುರೋಹಿತರನ್ನು, ಪತ್ರಿಕೆಯನ್ನು ಬಿಟ್ಟವಳಲ್ಲ. ಹುಟ್ಟಿದಂದಿನಿಂದ ಎದುರಿಗಿದ್ದ ಗಾಳದ ಕಥೆಗೆ, ಕಲ್ಲಿನ ಕಥೆಗೆ, ರಾಟೆಯ ಕಥೆಗೆ ಒಂದು ದಿನವೂ ಆಧಾರ ಕೇಳಿರಲಿಲ್ಲ. ಮೊರದಲ್ಲಿ ಹುರಿದ ಬೀಜಗಳನ್ನು ನಾನೇ ಇಟ್ಟೆ. ಅಪ್ಪ, ಅಪ್ಪನ ತಂಗಿ, ಅಕ್ಕ, ಮಗು. ಫೋಟೋ ಕೂಡ ಇಲ್ಲದ ಅಜ್ಜನಿಗೆ ಪಾರ್ಚ್‌ಮೆಂಟು. ನನ್ನ ತುಟಿಯಲ್ಲಿ ಕುಳಿಯಿಲ್ಲ, ಹಸಿಬೀಜ ಎತ್ತಿಕೊಂಡೆ. ಸಿಸ್ಟರಮ್ಮ ಅದನ್ನು ನನ್ನ ಕೈಯಿಂದ ಕಿತ್ತು ಪಾರ್ಚ್‌ಮೆಂಟು ಇಟ್ಟರು. “ಕುಳಿ ಇಲ್ದೇನೂ ಒಳಗೆ ಇರಬಹುದು. ಅವಸರ ಮಾಡ್ಬೇಡ.”

ಮಗುವಿನ ತುಟಿ ಹೊಲಿದ ಆಸ್ಪತ್ರೆಯಲ್ಲೇ ರಕ್ತ ಕೊಟ್ಟೆವು. ವರದಿ ಬಂತು. ಐಆರ್‌ಎಫ್6 ಎಂಬ ಜೀನು, ಮುಖದ ಭಾಗಗಳು ಸೇರುವಾಗ ಬೇಕಾದದ್ದು, ಅದರಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಅಪ್ಪನಲ್ಲಿ, ಅಕ್ಕನಲ್ಲಿ, ಮಗುವಿನಲ್ಲಿ, ಅದೇ ಜಾಗದಲ್ಲಿ ಅದೇ ಅಕ್ಷರ. ಒಬ್ಬರಲ್ಲಿ ಅದು ಎರಡು ಕುಳಿ ತೋಡಿ ಸುಮ್ಮನಾಗುತ್ತದೆ, ಇನ್ನೊಬ್ಬರಲ್ಲಿ ಒಂದು, ಮತ್ತೊಬ್ಬರಲ್ಲಿ ತುಟಿ ಅಂಗುಳ ಎರಡನ್ನೂ ಸೀಳುತ್ತದೆ. ಇರುವವರ ಪ್ರತಿ ಮಗುವಿಗೂ ಅದು ದಾಟಬಹುದು, ದಾಟದಿರಬಹುದು, ಎರಡಕ್ಕೂ ಸಮಸಮ ಸಾಧ್ಯತೆ. ಫೈಲಿನಲ್ಲಿ ಡಾಕ್ಟರು ಇದಕ್ಕೊಂದು ಹೆಸರು ಬರೆದಿದ್ದಾರೆ, ನಮ್ಮ ಮನೆಯಲ್ಲಿ ಯಾರಿಗೂ ಅದನ್ನು ಸರಿಯಾಗಿ ಹೇಳಲು ಬರುವುದಿಲ್ಲ.

ಆ ಫೈಲನ್ನು ಅಮ್ಮ ಕಪಾಟಿನಲ್ಲಿ ಸೀರೆಗಳ ಅಡಿಯಲ್ಲಿ ಇಟ್ಟಳು. “ಇದು ಹೊರಗೆ ಹೋಗ್ಬಾರ್ದು. ಚಿಕ್ಕವಳೊಬ್ಬಳು ಇದಾಳೆ, ಯಾರು ಮಾಡ್ಕೊಳ್ತಾರೆ?” ಚಿಕ್ಕವಳು ಅಂದರೆ ನಾನು. ಅಮ್ಮನ ಲೆಕ್ಕ ಸ್ಪಷ್ಟವಾಗಿತ್ತು. ಕಳಸದವರು ತಮ್ಮ ವಂಶವೆಂದೇ ತಿಳಿದುಕೊಂಡಿರಲಿ, ನಾವು ಯಾರಿಗೂ ಸುಳ್ಳು ಹೇಳಬೇಕಿಲ್ಲ, ಸುಮ್ಮನಿದ್ದರೆ ಸಾಕು.

“ಸುಮ್ನಿರಿ, ನಂಗೆಂತ” ಎಂದರು ಸಿಸ್ಟರಮ್ಮ, ಬ್ಯಾಗು ಹೆಗಲಿಗೆ ಹಾಕಿಕೊಳ್ಳುತ್ತ. “ಒಂದು ಮಾತ್ರ ಕೇಳ್ತೀನಿ. ಕಾರಣ ಬೇರೆ, ತಪ್ಪು ಬೇರೆ ಅಂತ ನಾ ಇಷ್ಟು ದಿನ ಬಡ್ಕೊಂಡೆ. ನೀವು ಈ ಫೈಲು ಮುಚ್ಚಿಟ್ರೆ ಅದು ತಪ್ಪೇ ಅಂತ ನೀವೇ ಒಪ್ಕಂಡ ಹಾಗಲ್ವಾ?” ಆಮೇಲೆ ನನ್ನ ಕಡೆ ತಿರುಗಿ, “ಅವ್ರ ತಲೆ ಮೇಲೆ ಹೊರಿಸಿದವಳು ನೀನು. ಇಳಿಸ್ಬೇಕಾದವಳೂ ನೀನೇ” ಎಂದರು.

ನಾನು ತಿರುಗಿ ಬಿದ್ದೆ. ಮೊದಲ ದಿನವೇ ಅಕ್ಕನ ತುಟಿ ನೋಡಿದ್ದರೂ ನೀವು ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ಅವತ್ತು ಹೇಳಿದ್ದರೆ ಬಾಣಂತಿ ಅದನ್ನು ತನ್ನ ತಪ್ಪೆಂದೇ ತೆಗೆದುಕೊಳ್ಳುತ್ತಿದ್ದಳು, ಮಗು ಮೊದಲು ಹಾಲು ಕುಡಿಯಬೇಕಿತ್ತು ಎಂದರು. ಹಾಗಿದ್ದರೆ ಎರಡನೆಯ ತಿಂಗಳು? ನಾಲ್ಕನೆಯ ತಿಂಗಳು? ಅವರು ಬ್ಯಾಗನ್ನು ಹೆಗಲಿನಿಂದ ಇಳಿಸಿದರು. “ಅದು ನನ್ ತಪ್ಪು” ಎಂದರು. ಸಮಜಾಯಿಷಿ ಕೊಡದೆ ಆ ಮೂರು ಪದ ಹೇಳಬಲ್ಲ ಹಿರಿಯರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಕಳಸಕ್ಕೆ ಹೋದೆವು. ಅಕ್ಕ, ಮಗು, ನಾನು, ಸಿಸ್ಟರಮ್ಮ. ಬಸ್ಸಿನಲ್ಲಿ ನಾನು ಭಾಷಣ ಕಟ್ಟುತ್ತಿದ್ದೆ. ಮೊದಲು ಕ್ಷಮೆ, ಆಮೇಲೆ ಜೀನು, ಕೊನೆಗೆ ಹೆಣ್ಣಿನ ಘನತೆ. ಕಣದಲ್ಲಿ ಅತ್ತೆಯವರು ಕಾಫಿ ಕೆದರುತ್ತಿದ್ದರು. “ಅವತ್ತು ನಾನು ನಿಮ್ಮನ್ನ ಅಂದಿದ್ದು ಸುಳ್ಳು. ಇದು ಬಂದಿದ್ದು ನಮ್ಮನೆಯಿಂದ” ಎಂದು ನಾನು ಶುರುಮಾಡಿದ್ದೆ ಅಷ್ಟೇ, ಅಕ್ಕ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದಳು.

“ಸುಮ್ನಿರೇ. ನನ್ನ ತುಟಿ, ನಾನು ಮಾತಾಡ್ತೀನಿ.”

ಮಗುವನ್ನು ಸೊಂಟದ ಮೇಲೆ ಸರಿಯಾಗಿ ಕೂರಿಸಿಕೊಂಡಳು. “ನನ್ನಿಂದ್ಲೇ ಬಂದಿದ್ದು ಅತ್ತೆ. ಗ್ರಹಣದಿಂದಲ್ಲ, ದಬ್ಬಣದಿಂದಲ್ಲ. ನನ್ನ ರಕ್ತದಲ್ಲಿದೆ, ನಮ್ಮಪ್ಪನ ರಕ್ತದಲ್ಲಿದೆ. ಇವಳ ಮೂಗೂ ನಂದೇ, ಹಠಾನೂ ನಂದೇ, ಅವಕ್ಕೆ ಯಾರೂ ಶಾಂತಿ ಮಾಡ್ಸು ಅನ್ಲಿಲ್ಲ. ಇನ್ನೊಂದು ಹುಟ್ಟಿದ್ರೆ ಅದಕ್ಕೂ ಬರಬಹುದು. ಬಂದ್ರೆ ಅದಕ್ಕೂ ಹೊಲಿಸ್ತೀವಿ. ತಪ್ಪಾಯ್ತು ಅಂತ ಮಾತ್ರ ಹೇಳಲ್ಲ, ತಪ್ಪು ಮಾಡಿಲ್ಲ. ಹೀಗೇ ಬಂದಿದೀನಿ. ಒಳಗೆ ಬರ್ಲಾ, ಹೋಗ್ಲಾ?”

ನಾನು ಎಷ್ಟೋ ವೇದಿಕೆ ಹತ್ತಿದ್ದೇನೆ. ಅಂಥ ಮಾತು ನನ್ನ ಬಾಯಲ್ಲಿ ಒಂದು ಸಲವೂ ಬಂದಿಲ್ಲ.

ಅತ್ತೆಯವರು ತುಂಬ ಹೊತ್ತು ಮಗುವಿನ ಮೇಲ್ದುಟಿಯ ಹೊಲಿಗೆ ನೋಡಿದರು. ಆಮೇಲೆ ಅಕ್ಕನ ಕೆಳತುಟಿ ನೋಡಿದರು. ಮನಸ್ಸು ಬದಲಾಯಿತು ಎಂದು ನಾನು ಬರೆಯಲಾರೆ, ನನಗೆ ಗೊತ್ತಿಲ್ಲ. “ಮಗೂಗೆ ಬಿಸಿಲು ತಾಗ್ತಿದೆ, ಒಳಗೆ ಬಾ” ಎಂದರು. ಹೊಸಿಲ ಹತ್ತಿರ ನಿಂತು, “ಆದ್ರೆ ಇನ್ನು ಗ್ರಹಣದ ದಿನ ನಾ ಹೇಳಿದ ಹಾಗೆ ಕೇಳ್ಬೇಕು” ಎಂದು ಸೇರಿಸಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಸಿಸ್ಟರಮ್ಮ, “ಕೇಳ್ತಾಳೆ ಬಿಡಿ. ಗ್ರಹಣ ಎಂತ ದಿನಾ ಬರ್ತದಾ?” ಎಂದುಬಿಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ದೊಡ್ಡ ಜಗಳ. ಒಂದು ಮೂಢನಂಬಿಕೆಗೆ ನೀವು ಬಾಗಿಲು ತೆರೆದು ಬಂದಿರಿ ಎಂದೆ. “ಅವಳಿಗೆ ಅವಳ ಮನೆ ಬೇಕಿತ್ತು, ನಿಂಗೆ ಶೀಲ್ಡು ಬೇಕಿತ್ತು” ಎಂದರು. ಮಗು ಹಾಲು ಕುಡಿಯದ ಆ ದಿನಗಳಲ್ಲೂ ನೀವು ಹೀಗೇ ರಾಜಿಯಾಗುತ್ತಿದ್ದಿರಾ ಎಂದು ಕೇಳಿದೆ. “ಅದಕ್ಕೆ ರಾಜಿ ಇಲ್ಲ. ಹೊಟ್ಟೆಗೆ ಹಾಕೋದು ಮೊದಲು. ಉಳಿದಿದ್ದಕ್ಕೆ ವಾದ ಮಾಡೋಕೆ ನೀನು ಇದ್ದೀಯಲ್ಲ” ಎಂದು ಹೇಳಿ, ಕೊಟ್ಟಿಗೆಹಾರ ಬರುವವರೆಗೆ ನಿದ್ದೆ ಮಾಡಿದರು, ಅಥವಾ ಹಾಗೆ ನಟಿಸಿದರು. ಅವರು ಹೇಳಿದ್ದನ್ನು ಇವತ್ತಿಗೂ ನಾನು ಪೂರ್ತಿ ಒಪ್ಪಿಲ್ಲ. ಅಕ್ಕ ಆಮೇಲೆ ಬಂದ ಗ್ರಹಣದ ದಿನ ಮಲಗಿದ್ದಳು. ಕೆಲಸದ ದಿನ ಸಿಗದ ನಿದ್ದೆ ಸಿಕ್ಕಿತು ಎಂದು ಅವಳೂ ನನ್ನನ್ನು ಸುಮ್ಮನಾಗಿಸುತ್ತಾಳೆ.

ನನ್ನ ರಕ್ತದ ವರದಿಯೂ ಬಂದಿದೆ. ಅದು ನನ್ನ ಹತ್ತಿರವಿದೆ. ಅದರಲ್ಲಿ ಏನಿದೆಯೆಂದು ಬರೆಯುವುದಿಲ್ಲ. ‘ಇಲ್ಲ’ ಎಂದು ಬಂದಿದ್ದು ಅದನ್ನು ಇಲ್ಲಿ ಹೇಳಿದರೆ, ಅಕ್ಕನ ಪಕ್ಕದಿಂದ ಎದ್ದು ಬೇರೆ ಬೆಂಚಿಗೆ ಹೋದಂತೆ. ‘ಇದೆ’ ಎಂದು ಬಂದಿದ್ದರೆ ಅದಕ್ಕೆ ಯಾರ ಅನುಕಂಪವೂ ಬೇಕಿಲ್ಲ. ನನ್ನನ್ನು ನೋಡಲು ಬರುವವರಿಗೆ ಮೊದಲ ಮಾತಿನಲ್ಲೇ ಮನೆಯ ವಿಷಯ ಹೇಳುತ್ತೇನೆ. ಇಬ್ಬರು ಕಾಫಿ ಅರ್ಧಕ್ಕೆ ಬಿಟ್ಟು ಎದ್ದು ಹೋಗಿದ್ದಾರೆ. ಅಮ್ಮ ನಿಟ್ಟುಸಿರು ಬಿಟ್ಟಳು. ಸಿಸ್ಟರಮ್ಮ ಮಾತ್ರ, “ಚಿಕೋರಿ ಜಾಸ್ತಿಯಾಗಿರ್ತದೆ” ಎಂದರು. ಮೊರದಲ್ಲಿ ಅವರು ಇಟ್ಟ ಹಾಗೇ ನಾನಿನ್ನೂ ಪಾರ್ಚ್‌ಮೆಂಟು, ಬೇಕೆಂದೇ.

ಈಗ ಫ್ಲೆಕ್ಸಿಗೆ ಬರುತ್ತೇನೆ. ಹೋದ ತಿಂಗಳು ಅಕ್ಕ ಮಗಳನ್ನು ಕರೆದುಕೊಂಡು ಬಂದಿದ್ದಳು. ಮಗಳಿಗೆ ಈಗ ಆರು ವರ್ಷ. ಅಂಗುಳವನ್ನೂ ಹೊಲಿದಾಗಿದೆ, ಮಾತು ಸ್ವಲ್ಪ ಮೂಗಿನಲ್ಲಿ ಬರುತ್ತದೆ, ನಿಲ್ಲುವುದಂತೂ ಇಲ್ಲ. ಕೆಳತುಟಿಯಲ್ಲಿ ಎರಡು ಕುಳಿ. ಕಂಬದ ಕೆಳಗೆ ನಿಂತು ತಲೆ ಎತ್ತಿ ನೋಡಿ, “ಇದು ಸಿಸ್ಟರಜ್ಜಿ ಅಲ್ಲ” ಎಂದಳು.

“ಅವ್ರೇ ಕಣೇ” ಎಂದಳು ಅಕ್ಕ.

“ಅಲ್ಲ. ಅಜ್ಜಿಗೆ ನನ್ ಥರ ಇತ್ತು.”

ಅವಳ ಕೈ ಹಿಡಿದು ನೇರ ಫ್ಲೆಕ್ಸ್ ಅಂಗಡಿಗೆ ಹೋದೆ. ಕಂಪ್ಯೂಟರಿನ ಮುಂದೆ ಕೂತಿದ್ದವನು ಒಳ್ಳೆಯವನು, ಅದು ಇನ್ನೂ ಕಷ್ಟ. “ತುಟಿ ಮೇಲೆ ಕಲೆ ಇತ್ತು ಅಕ್ಕ, ಕ್ಲೀನ್ ಮಾಡ್ದೆ. ತೀರಿಕೊಂಡವರ ಫೋಟೋದಲ್ಲಿ ದೋಷ ಯಾಕೆ ಅಂತ” ಎಂದ.

ನನ್ನ ಹತ್ತಿರ ಮೂರು ವಾದಗಳು ಸಿದ್ಧವಾಗಿದ್ದವು. ಕಾರಣ, ತಪ್ಪು, ದೋಷ ಈ ಮೂರಕ್ಕೂ ಇರುವ ವ್ಯತ್ಯಾಸದಿಂದ ಶುರುಮಾಡಿ ಅವನನ್ನು ಗೋಡೆಗೆ ಒತ್ತಬಹುದಿತ್ತು. ಅಷ್ಟರಲ್ಲಿ ಮಗಳು ಪ್ಲಾಸ್ಟಿಕ್ ಸ್ಟೂಲನ್ನು ಎಳೆದುಕೊಂಡು ಅವನ ಪಕ್ಕಕ್ಕೆ ಹಾಕಿ, ಹತ್ತಿ ನಿಂತು, ಕೆಳತುಟಿಯನ್ನು ಎರಡು ಬೆರಳಿನಿಂದ ಈಚೆ ಮಡಚಿದಳು. ಮೊರದ ಮುಂದೆ ಕೂತು ಸಿಸ್ಟರಮ್ಮ ಮಡಚಿದ್ದೂ ಹಾಗೇ.

“ನೋಡ್ಕೊಂಡು ಹಾಕಿ” ಎಂದಳು.

ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ, ಫೈಲು ತೆರೆದ. ತೆರೆಯ ಮೇಲೆ ಸಿಸ್ಟರಮ್ಮನ ತುಟಿ ದೊಡ್ಡದಾಯಿತು. ಬಲಗಡೆ ಒಂದು ಕುಳಿ ಬಂತು, ಎಡಗಡೆ ಇನ್ನೊಂದು.

“ಎಡಗಡೇದು ಇನ್ನೂ ಸ್ವಲ್ಪ ಕೆಳಗೆ” ಎಂದಳು ಮಗಳು, ತುಟಿ ಬಿಡದೆ.